ಮದ್ಯ ಮತ್ತು ಮಾದಕ ವಸ್ತುಗಳ ಚಟಕ್ಕೆ ಏನೇನು ಚಿಕಿತ್ಸೆಯಿದೆ, ಯಾವುದು ಯಾರಿಗೆ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಹದಿನೈದು ವರ್ಷಗಳಿಂದ ಕುಡಿಯುತ್ತಿದ್ದಾರೆ. ಈಗೀಗ ಬೆಳಿಗ್ಗೆ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಒಮ್ಮೆ ಹಠ ಹಿಡಿದು ಮನೆಯಲ್ಲೇ ನಿಲ್ಲಿಸಿದಾಗ ಎರಡನೇ ದಿನ ಫಿಟ್ಸ್ ಬಂತು. ಎರಡು ಸಲ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆವು. ತಿಂಗಳಿದ್ದು ಬಂದರು, ಕೆಲವೇ ವಾರಗಳಲ್ಲಿ ಮತ್ತೆ ಶುರು. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಮಾತ್ರೆ ಇದೆಯಂತೆ, ಕೊಡಬಹುದೇ? ನಮ್ಮ ಜೊತೆಗೇ ಇರುವ ಮೈದುನನಿಗೆ 26 ವರ್ಷ, ಹೆರಾಯಿನ್ ಚುಚ್ಚಿಕೊಳ್ಳುತ್ತಾನೆ. ವೈದ್ಯರು ಬ್ಯೂಪ್ರೆನಾರ್ಫಿನ್ ಎಂಬ ಮಾತ್ರೆ ಹೇಳಿದ್ದಾರೆ. ಅದೂ ಅಫೀಮಿನ ಜಾತಿಯದೇ ಅಂತೆ. ಒಂದನ್ನು ಬಿಡಿಸಿ ಇನ್ನೊಂದಕ್ಕೆ ಹಚ್ಚಿದ ಹಾಗಾಗುವುದಿಲ್ಲವೇ?

ಉತ್ತರ: ಫಿಟ್ಸ್ ವಿಷಯದಿಂದಲೇ ಶುರು ಮಾಡೋಣ. ಕುಡಿತ ನಿಲ್ಲಿಸಿದಾಗ ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲವೂ ಬರುವ ಸಾಧ್ಯತೆ ಹೆಚ್ಚು. ನಿಲ್ಲಿಸಿ, ಮತ್ತೆ ಶುರುಮಾಡಿ, ಮತ್ತೆ ನಿಲ್ಲಿಸುತ್ತಾ ಹೋದಂತೆ ವಿತ್‌ಡ್ರಾವಲ್ (ಚಟದ ವಸ್ತು ನಿಂತಾಗ ದೇಹ ಪಡುವ ಪಾಡು) ಇನ್ನಷ್ಟು ಜೋರಾಗುವುದುಂಟು. ಹಾಗಾಗಿ ನಿಮ್ಮ ಯಜಮಾನರಿಗೆ ಮನೆಯಲ್ಲಿ ಬಿಡಿಸುವ ಪ್ರಯತ್ನ ಬೇಡವೇ ಬೇಡ. ಆಸ್ಪತ್ರೆಯಲ್ಲಿ ಜಾಗ ಸಿಗಲು ನಾಲ್ಕು ದಿನ ಕಾಯಬೇಕಾದರೆ, ಆ ನಾಲ್ಕು ದಿನ ಅವರು ಎಂದಿನಷ್ಟು ಕುಡಿಯುತ್ತಿರುವುದೇ ಕ್ಷೇಮ. ಇದನ್ನು ಓದಿ ನಿಮಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಆದರೂ ಬಾಟಲಿ ಕಿತ್ತು ಸುರಿಯುವುದು, ಕೋಣೆಯಲ್ಲಿ ಕೂಡಿಹಾಕುವುದು ಇವೆರಡೂ ಅವರ ಜೀವಕ್ಕೇ ಕುತ್ತು.

ಕಾರಣ ಹೀಗಿದೆ. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಅದು ಒಳಗೆ ಬರುತ್ತಿದ್ದರೆ, ಮಿದುಳು ತನ್ನದೇ ಶಾಂತಗೊಳಿಸುವ ವ್ಯವಸ್ಥೆಯನ್ನು ಇಳಿಸಿ, ಕೆರಳಿಸುವ ವ್ಯವಸ್ಥೆಯನ್ನು ಏರಿಸಿಕೊಂಡು ಸರಿದೂಗಿಸುತ್ತದೆ. ಮದ್ಯ ಹಠಾತ್ತನೆ ನಿಂತಾಗ ಆ ಕೆರಳಿಕೆಗೆ ತಡೆಯೇ ಇಲ್ಲ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಅತಿ ಅಪಾಯದ ಹಂತ ಬರುವುದು 48ರಿಂದ 96 ಗಂಟೆಗಳ ನಡುವೆ, ಅಂದರೆ ‘ಎರಡು ದಿನ ಕಳೆಯಿತು, ಇನ್ನು ಪರವಾಗಿಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ. ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುವುದು, ಇಲ್ಲದವರ ಜೊತೆ ಮಾತಾಡುವುದು, ಇವತ್ತು ಯಾವ ವಾರ, ತಾನೆಲ್ಲಿದ್ದೇನೆ ಎಂಬುದು ತಿಳಿಯದಿರುವುದು, ಜ್ವರ, ಏರಿದ ಬಿಪಿ ಇದರ ಲಕ್ಷಣಗಳು. ಹುಚ್ಚು ಹಿಡಿಯಿತೆಂದು ಬೇರೆಲ್ಲೋ ಓಡಬೇಡಿ. ಇದಕ್ಕೆ ತುರ್ತು ಚಿಕಿತ್ಸಾ ವಿಭಾಗವೇ ಸರಿ.

ಆಸ್ಪತ್ರೆಯಲ್ಲಿ ಈ ಹಂತ ಸಾಮಾನ್ಯವಾಗಿ 5ರಿಂದ 10 ದಿನ. ನಡುಕ, ಬೆವರು, ಗಾಬರಿ, ವಾಕರಿಕೆ, ಗೊಂದಲ ಹೀಗೆ 10 ಅಂಶಗಳಿಗೆ ಅಂಕ ಕೊಡುವ ಒಂದು ಮಾಪಕವಿದೆ. ನರ್ಸ್ ಕೆಲವು ಗಂಟೆಗಳಿಗೊಮ್ಮೆ ಅದನ್ನು ತುಂಬುತ್ತಾರೆ, ಅಂಕಕ್ಕೆ ತಕ್ಕಂತೆ ಮಿದುಳನ್ನು ಶಾಂತಗೊಳಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಡುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಮೇಲು, ಏಕೆಂದರೆ ಅದು ಹಾಳಾದ ಲಿವರ್‌ನಲ್ಲೂ ದೇಹದಲ್ಲಿ ಅಷ್ಟಾಗಿ ಕೂಡಿಕೊಳ್ಳುವುದಿಲ್ಲ. ಈ ಮಾತ್ರೆಗಳನ್ನು ದಿನದಿಂದ ದಿನಕ್ಕೆ ಇಳಿಸಿ ಪೂರ್ತಿ ನಿಲ್ಲಿಸಬೇಕು. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ‘ನಿದ್ದೆಗೆ ಇರಲಿ’ ಎಂದು ಮುಂದುವರಿಸಿದರೆ ಅದೇ ಎರಡನೇ ಚಟವಾಗುತ್ತದೆ.

ಇನ್ನೊಂದು ಔಷಧ ಥಯಾಮಿನ್, ಅಂದರೆ ಬಿ1 ಜೀವಸತ್ವ. ಕುಡಿಯುವವರು ಸರಿಯಾಗಿ ತಿನ್ನುವುದಿಲ್ಲ, ತಿಂದದ್ದರಲ್ಲಿರುವ ಬಿ1 ಅನ್ನು ಕರುಳು ಸರಿಯಾಗಿ ಹೀರುವುದೂ ಇಲ್ಲ. ಬಿ1 ಖಾಲಿಯಾಗಿರುವ ದೇಹಕ್ಕೆ ಬರೀ ಗ್ಲುಕೋಸ್ ಡ್ರಿಪ್ ಹಾಕಿದರೆ, ಆ ಸಕ್ಕರೆಯನ್ನು ಕರಗಿಸಲು ಉಳಿದಿದ್ದ ಅಷ್ಟಿಷ್ಟೂ ಖರ್ಚಾಗಿ ವರ್ನಿಕೆ ಎಂಬ ಮಿದುಳಿನ ತೊಂದರೆ ಕಾಣಿಸಿಕೊಳ್ಳಬಹುದು: ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆಗಳು ಸರಿಯಾಗಿ ಹೊರಳದಿರುವುದು. ನೋಡಿದವರು ಇನ್ನೂ ನಶೆ ಇಳಿದಿಲ್ಲ ಅಂದುಕೊಳ್ಳುತ್ತಾರೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುತ್ತದೆ. ‘ಸುಸ್ತಾಗಿದ್ದಾರೆ, ಒಂದು ಗ್ಲುಕೋಸ್ ಹಾಕಿ’ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಕುಡಿತದ ವಿಷಯ ಮುಚ್ಚಿಡದೆ ಹೇಳಿ, ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ ಎಂದು ಕೇಳಿ. ಮನೆಗೆ ಬಂದ ಮೇಲೆ ಕೆಲವು ವಾರ ಮಾತ್ರೆಯ ರೂಪದಲ್ಲಿ, ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ಅಥವಾ ಹೆಚ್ಚು, ಮುಂದುವರಿಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಡೀಟಾಕ್ಸ್. ದೇಹದಿಂದ ಮದ್ಯ ಹೋಯಿತು, ಕುಡಿಯಬೇಕೆಂಬ ತುಡಿತ ಹೋಗಿಲ್ಲ. ನಿಮ್ಮ ಯಜಮಾನರಿಗೆ ಎರಡು ಸಲವೂ ಆದದ್ದು ಇಷ್ಟೇ ಎಂದು ನನ್ನ ಊಹೆ: ತಿಂಗಳು ಮದ್ಯ ಸಿಗದ ಜಾಗದಲ್ಲಿದ್ದರು, ಹೊರಗೆ ಬಂದ ದಿನ ಕೈಯಲ್ಲಿ ತುಡಿತ ತಗ್ಗಿಸುವ ಔಷಧವೂ ಇರಲಿಲ್ಲ, ಮುಂದಿನ ವಾರ ಯಾರನ್ನು ಕಾಣಬೇಕೆಂಬ ಚೀಟಿಯೂ ಇರಲಿಲ್ಲ. ಹಾಗಿದ್ದರೆ ಚಿಕಿತ್ಸೆ ಎರಡು ಸಲ ಸೋತಿಲ್ಲ, ಒಮ್ಮೆಯೂ ಪೂರ್ತಿ ಆಗಿಲ್ಲ. ನಿದ್ದೆ, ಮನಸ್ಸಿನ ನೆಮ್ಮದಿ ಮೊದಲಿನಂತಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮೊದಲ ಮೂರು ತಿಂಗಳು ಅತ್ಯಂತ ನಾಜೂಕು. ಔಷಧದ ನಿಜವಾದ ಉಪಯೋಗ ಆಗಲೇ.

ಮುಖ್ಯವಾಗಿ ಮೂರು ಔಷಧಗಳಿವೆ. ನಾಲ್ಟ್ರೆಕ್ಸೋನ್ ದಿನಕ್ಕೊಂದು 50 ಮಿಲಿಗ್ರಾಂ ಮಾತ್ರೆ. ವಾಕರಿಕೆಯಾದರೆ ಕೆಲವು ದಿನ ಅರ್ಧದಿಂದ ಶುರು ಮಾಡುತ್ತಾರೆ. ಕುಡಿದಾಗ ಸಿಗುವ ಮಜಾ ಇದರಿಂದ ತಗ್ಗುತ್ತದೆ, ಹಾಗಾಗಿ ಒಂದು ಪೆಗ್ಗು ಹತ್ತಾಗುವುದು ಕಡಿಮೆಯಾಗುತ್ತದೆ. ಮದ್ಯದ ಜೊತೆ ಸೇರಿ ಕೆಟ್ಟ ಪರಿಣಾಮ ಮಾಡುವುದಿಲ್ಲ, ಕುಡಿತ ಪೂರ್ತಿ ನಿಂತಿರಬೇಕೆಂದೂ ಇಲ್ಲ. ತಿಂಗಳಿಗೊಮ್ಮೆ 380 ಮಿಲಿಗ್ರಾಂ ಇಂಜೆಕ್ಷನ್ ರೂಪದಲ್ಲೂ ಬರುತ್ತದೆ, ದಿನಾ ಮಾತ್ರೆ ಮರೆಯುವವರಿಗೆ ಅನುಕೂಲ. ಲಿವರ್ ತೀರಾ ಹದಗೆಟ್ಟವರಿಗೆ, ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಆಗದು.

ಅಕಾಂಪ್ರೊಸೇಟ್ ಕುಡಿತ ನಿಂತ ಮೇಲೆ ಬರುವ ಚಡಪಡಿಕೆ, ನಿದ್ದೆಗೇಡನ್ನು ತಗ್ಗಿಸುತ್ತದೆ. 333 ಮಿಲಿಗ್ರಾಂ ಮಾತ್ರೆ ಎರಡೆರಡರಂತೆ ದಿನಕ್ಕೆ ಮೂರು ಸಲ. ಆರು ಮಾತ್ರೆ ನುಂಗುವುದೇ ಇದರ ದೊಡ್ಡ ಕಷ್ಟ, ಮಧ್ಯಾಹ್ನದ್ದು ತಪ್ಪಿಹೋಗುತ್ತದೆ. ಇದು ಲಿವರ್ ಮೂಲಕ ಹೋಗದೆ ಮೂತ್ರಪಿಂಡದಿಂದ ಹೊರಬೀಳುವುದರಿಂದ ಲಿವರ್ ದುರ್ಬಲವಾಗಿದ್ದವರಿಗೂ ಸಾಮಾನ್ಯವಾಗಿ ನಡೆಯುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾತ್ರ ಮೊದಲೇ ಆಗಬೇಕು. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಹಾಳಾಗುವ ಕಾಯಿಲೆ, ಆದವರಿಗೆ ಕೆಲವು ವೈದ್ಯರು ಬ್ಯಾಕ್ಲೊಫೆನ್ ಎಂಬ ಬೇರೊಂದು ಔಷಧ ಬರೆಯುತ್ತಾರೆ.

ಮೂರನೆಯದು ಡೈಸಲ್ಫಿರಾಮ್. ನಿಮಗೆ ಯಾರೋ ಹೇಳಿದ ‘ಊಟದಲ್ಲಿ ಬೆರೆಸುವ ಮಾತ್ರೆ’ ಬಹುತೇಕ ಇದೇ. ಕೊಡಬೇಡಿ. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯದ ವಸ್ತುವಾಗಿ ಒಡೆಯುತ್ತದೆ. ಡೈಸಲ್ಫಿರಾಮ್ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಮಾತ್ರೆ ತಿಂದವರು ಕುಡಿದರೆ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಬಿಪಿ ಕುಸಿಯಬಹುದು. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ದಿನಾ ಕುಡಿಯುವವರಿಗೆ ಗುಟ್ಟಾಗಿ ಕೊಟ್ಟರೆ ಇದು ಅಂದು ರಾತ್ರಿಯೇ ಆಗುವ ಸಂಗತಿ, ಆಸ್ಪತ್ರೆಗೆ ಒಯ್ದರೂ ಏಕೆ ಹೀಗಾಯಿತೆಂದು ಅವರಿಗೆ ಹೇಳಲು ಗೊತ್ತಿರುವುದಿಲ್ಲ. ತಿಳಿದಾಗ ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ, ಮುಂದೆ ಯಾವ ಔಷಧವನ್ನೂ ಮುಟ್ಟುವುದಿಲ್ಲ.

ಇದೇ ಮಾತ್ರೆ, ಅವರೇ ಒಪ್ಪಿ ನಿಮ್ಮೆದುರು ನುಂಗಿದರೆ ಒಳ್ಳೆಯ ಫಲ ಕೊಡುತ್ತದೆ. ‘ಇವತ್ತು ಕುಡಿಯುವುದೋ ಬೇಡವೋ’ ಎಂಬ ದಿನಕ್ಕೆ ನೂರು ಸಲದ ಹೊಯ್ದಾಟ ಬೆಳಿಗ್ಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಮದ್ಯ ಮುಟ್ಟುವಂತಿಲ್ಲ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರವ ಕೂಡ ಬೇಡ. ಲಿವರ್ ಪರೀಕ್ಷೆ ಶುರುವಿನಲ್ಲಿ ಮತ್ತು ಆಗಾಗ ಮಾಡಿಸಬೇಕು, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಬೇಕು. ಫಿಟ್ಸ್ ಬಂದವರಿಗೆ ಎಚ್ಚರಿಕೆಯಿಂದ ಕೊಡಬೇಕಾದ ಔಷಧವಿದು. ನಿಮ್ಮ ಯಜಮಾನರ ವಿಷಯದಲ್ಲಿ ಮೊದಲ ಆಯ್ಕೆಯಾಗಿ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಕೇಳಿ ನೋಡಿ. ಯಾವುದೇ ಆದರೂ 6ರಿಂದ 12 ತಿಂಗಳು ಬೇಕು.

ಔಷಧದ ಜೊತೆಗೆ ಆಪ್ತಸಮಾಲೋಚನೆ ನಡೆಯಬೇಕು. ಅಂದರೆ ಉಪದೇಶವಲ್ಲ, ‘ಹೆಂಡತಿ ಮಕ್ಕಳ ಮುಖ ನೋಡಿಯಾದರೂ ಬಿಡಪ್ಪ’ ಎಂಬುದನ್ನು ಅವರು ಸಾವಿರ ಸಲ ಕೇಳಿದ್ದಾರೆ. ಒಳ್ಳೆಯ ಸಮಾಲೋಚಕರು ಕಳೆದ ಸಲ ಕುಡಿದ ದಿನವನ್ನೇ ತೆಗೆದುಕೊಂಡು ಗಂಟೆ ಗಂಟೆಯಾಗಿ ಬಿಡಿಸುತ್ತಾರೆ: ಎಷ್ಟು ಹೊತ್ತಿಗೆ ಮನಸ್ಸಾಯಿತು, ಆಗ ಹಸಿವಿತ್ತೇ, ಜಗಳವಾಗಿತ್ತೇ, ಯಾರ ಫೋನ್ ಬಂತು, ಜೇಬಿನಲ್ಲಿ ದುಡ್ಡೆಷ್ಟಿತ್ತು. ಆ ಸರಪಳಿಯಲ್ಲಿ ಸುಲಭವಾಗಿ ತುಂಡರಿಸಬಹುದಾದ ಕೊಂಡಿ ಯಾವುದೆಂದು ಹುಡುಕಿ, ಮುಂದಿನ ವಾರ ಅಷ್ಟನ್ನೇ ಅಭ್ಯಾಸ ಮಾಡಿಸುತ್ತಾರೆ. ತುಡಿತ ಎಷ್ಟೇ ಜೋರಾಗಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆ ಎಲ್ಲಿರಬೇಕು, ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಖಿನ್ನತೆ, ಆತಂಕ ಇದ್ದರೆ ಅದಕ್ಕೂ ಜೊತೆಯಲ್ಲೇ ಚಿಕಿತ್ಸೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಉಚಿತ, ಎಷ್ಟೋ ಜನರಿಗೆ ನೆರವಾಗಿವೆ. ಎಲ್ಲರಿಗೂ ಒಗ್ಗುವುದಿಲ್ಲ, ನಾಲ್ಕಾರು ಸಭೆ ಕೂತು ನೋಡಿ ತೀರ್ಮಾನಿಸಲಿ. ಅಲ್ಲಿ ಯಾರಾದರೂ ‘ಮಾತ್ರೆ ತಿನ್ನುವವರು ನಿಜವಾಗಿ ಬಿಟ್ಟವರಲ್ಲ’ ಎಂದರೆ ಆ ಮಾತಿಗೆ ಕಿವಿಗೊಡಬೇಡಿ.

ನೀವು ಮಾಡಬಹುದಾದದ್ದೂ ಇದೆ. ಕುಡಿದಾಗ ವಾದ ಬೇಡ. ನಶೆ ಇಳಿದ ಹೊತ್ತು ನೋಡಿ ಒಂದೇ ಒಂದು ಸ್ಪಷ್ಟ ಮಾತು, ಉದಾಹರಣೆಗೆ ‘ಗುರುವಾರ ಡಾಕ್ಟರ್ ಹತ್ತಿರ ನಾನೂ ಬರುತ್ತೇನೆ’. ಕುಡಿಯದ ಸಂಜೆ ಅವರ ಜೊತೆ ಕೂರಿ, ಕುಡಿದ ಸಂಜೆ ಎದ್ದುಹೋಗಿ. ಕೆಲಸದ ಜಾಗಕ್ಕೆ ಫೋನ್ ಮಾಡಿ ಜ್ವರ ಎಂದು ಸುಳ್ಳು ಹೇಳುವುದನ್ನು ನಿಲ್ಲಿಸಿ. ಕೈ ಎತ್ತುವ ಮಟ್ಟಕ್ಕೆ ಹೋದರೆ ಇವೆಲ್ಲ ಪಕ್ಕಕ್ಕಿರಲಿ, ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಬೇಕು.

ಈಗ ಮೈದುನನ ವಿಷಯ. ಇಲ್ಲಿ ಲೆಕ್ಕ ತಿರುಗುಮುರುಗು. ಮದ್ಯದಲ್ಲಿ ಬಿಡುವ ಹೊತ್ತು ಅಪಾಯ, ಹೆರಾಯಿನ್‌ನಲ್ಲಿ ಬಿಟ್ಟ ನಂತರ. ಕೊನೆಯ ಡೋಸ್‌ನ 8ರಿಂದ 24 ಗಂಟೆಗಳಲ್ಲಿ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ರೋಮ ನಿಮಿರುವುದು, ಕೈಕಾಲು ಸೆಳೆತ, ಭೇದಿ ಶುರುವಾಗಿ ಎರಡು ಮೂರನೇ ದಿನ ಜೋರಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನರಕಯಾತನೆ, ಆದರೆ ನೀರಿನಂಶ ಕಾಯ್ದುಕೊಂಡರೆ ಇದರಿಂದ ಸಾಯುವುದು ಅಪರೂಪ. ಸಾವು ಕಾದಿರುವುದು ಆಮೇಲೆ. ಕೆಲವೇ ವಾರ ಬಿಟ್ಟಿದ್ದರೂ ದೇಹದ ತಾಳಿಕೆ ಇಳಿದಿರುತ್ತದೆ. ಒಂದು ದಿನ ಮನಸ್ಸು ಸೋತು ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಬರೀ ಡೀಟಾಕ್ಸ್ ಮಾಡಿಸಿ ಮನೆಗೆ ಕಳಿಸುವುದು ಹೆರಾಯಿನ್ ವಿಷಯದಲ್ಲಿ ಚಿಕಿತ್ಸೆ ಕೊಡದಿರುವುದಕ್ಕಿಂತಲೂ ಕೆಟ್ಟದಾಗಬಹುದು ಎನ್ನುವುದು ಈ ಕಾರಣಕ್ಕೆ.

ಬ್ಯೂಪ್ರೆನಾರ್ಫಿನ್ ಅಫೀಮಿನ ಜಾತಿಯದು ಹೌದು. ಆದರೆ ಅದು ಮಿದುಳಿನಲ್ಲಿ ಅಫೀಮು ಅಂಟಿಕೊಳ್ಳುವ ತಾಣಗಳಾದ ಗ್ರಾಹಿಗಳಿಗೆ ಹೆರಾಯಿನ್‌ಗಿಂತ ಗಟ್ಟಿಯಾಗಿ ಅಂಟಿಕೊಂಡು ಅವನ್ನು ಅರೆಬರೆಯಾಗಿ ಮಾತ್ರ ಪ್ರಚೋದಿಸುತ್ತದೆ. ವಿತ್‌ಡ್ರಾವಲ್ ಬರುವುದಿಲ್ಲ, ತುಡಿತ ಇಳಿಯುತ್ತದೆ, ಸರಿಯಾದ ಡೋಸ್‌ನಲ್ಲಿ ನಶೆಯೂ ಏರುವುದಿಲ್ಲ, ಮೇಲಿಂದ ಹೆರಾಯಿನ್ ಚುಚ್ಚಿಕೊಂಡರೂ ಅಷ್ಟಾಗಿ ಹತ್ತುವುದಿಲ್ಲ. ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ, ನಿಜ. ಆದರೆ ಚಟವೆಂದರೆ ಅದಕ್ಕಾಗಿ ಕದಿಯುವುದು, ಸುಳ್ಳು ಹೇಳುವುದು, ಕೆಲಸ ಕಳೆದುಕೊಳ್ಳುವುದು, ಅದರಿಂದ ಕೆಡುತ್ತಿದ್ದರೂ ಬಿಡಲಾಗದಿರುವುದು. ಬೆಳಿಗ್ಗೆ ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ಕೆಲಸಕ್ಕೆ ಹೋಗುವವನು ಬೇರೆಯೇ ಬದುಕು ಬದುಕುತ್ತಿರುತ್ತಾನೆ. ಈ ಔಷಧ ಅಥವಾ ಇದೇ ಬಗೆಯ ಇನ್ನೊಂದು ಔಷಧವಾದ ಮೆಥಡೋನ್ ತೆಗೆದುಕೊಳ್ಳುತ್ತಿರುವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಶುರು ಮಾಡುವ ಹೊತ್ತು ಮುಖ್ಯ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ಈ ಮಾತ್ರೆ ಇಟ್ಟರೆ ಅದು ಹೆರಾಯಿನ್ನನ್ನು ಗ್ರಾಹಿಗಳಿಂದ ತಳ್ಳಿ, ಗಂಟೆಯೊಳಗೆ ಭಯಂಕರ ವಿತ್‌ಡ್ರಾವಲ್ ತರುತ್ತದೆ. ‘ಈ ಮಾತ್ರೆ ನನಗೆ ಆಗುವುದಿಲ್ಲ’ ಎಂದು ಓಡಿಹೋಗುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ. ಕೊನೆಯ ಡೋಸ್‌ನಿಂದ ಕನಿಷ್ಠ 12 ಗಂಟೆ ಕಾದು, ಆಕಳಿಕೆ, ಬೆವರು, ಅಗಲವಾದ ಕಣ್ಣಿನ ಪಾಪೆ ಸ್ಪಷ್ಟವಾಗಿ ಕಂಡ ಮೇಲೆ 2ರಿಂದ 4 ಮಿಲಿಗ್ರಾಂ ಕೊಟ್ಟು ನೋಡುತ್ತಾರೆ. ಮೊದಲ ದಿನ ಸಾಮಾನ್ಯವಾಗಿ 8 ಮಿಲಿಗ್ರಾಂವರೆಗೆ. ಮುಂದೆ ಹೆಚ್ಚಿನವರಿಗೆ ದಿನಕ್ಕೆ 8ರಿಂದ 16, ಕೆಲವರಿಗೆ 24. ನಾಲಿಗೆಯಡಿ 5ರಿಂದ 10 ನಿಮಿಷ ಕರಗಬೇಕು, ಅಲ್ಲಿಯವರೆಗೆ ಮಾತು, ನೀರು ಬೇಡ. ನುಂಗಿದರೆ ಬಹುಪಾಲು ವ್ಯರ್ಥ. ಕರಗಿದ ಮೇಲೆ ನೀರು ಮುಕ್ಕಳಿಸಲಿ, ಹಲ್ಲುಜ್ಜಲು ಒಂದು ಗಂಟೆ ಬಿಡಲಿ, ಇಲ್ಲದಿದ್ದರೆ ಹಲ್ಲು ಹಾಳಾಗುತ್ತದೆ. ಮಾತ್ರೆಯಲ್ಲಿ ಅಫೀಮಿನ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧ ಸೇರಿಸಿರುವುದು ಯಾರೂ ಕರಗಿಸಿ ಚುಚ್ಚಿಕೊಳ್ಳಬಾರದೆಂದು.

ಇದು ಸಾಲದವರಿಗೆ ಮೆಥಡೋನ್, ದಿನಾ ಕೇಂದ್ರದಲ್ಲೇ ಕುಡಿಸುವ ದ್ರವ. ದೇಹದಲ್ಲಿ ನಿಧಾನವಾಗಿ ಕೂಡಿಕೊಳ್ಳುವುದರಿಂದ ಮೊದಲ ಎರಡು ವಾರ ಡೋಸ್ ಏರಿಸುವಲ್ಲಿ ಆತುರಪಟ್ಟರೆ ಪ್ರಾಣಕ್ಕೇ ಬರುತ್ತದೆ. ಇಸಿಜಿಯೂ ಬೇಕು. ಎಷ್ಟು ಕಾಲ? ವರ್ಷಗಳಾದರೂ ಸರಿ. ಮನೆಯವರ ಒತ್ತಾಯಕ್ಕೆ ಆರು ತಿಂಗಳಿಗೇ ನಿಲ್ಲಿಸಿದವರು ಮರಳಿ ಹೆರಾಯಿನ್‌ಗೆ ಹೋಗುವುದೇ ಹೆಚ್ಚು.

ಚುಚ್ಚಿಕೊಳ್ಳುವವನಾದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಸಿ ಈಗ 8ರಿಂದ 12 ವಾರದ ಮಾತ್ರೆಗಳಿಂದ ಬಹುತೇಕ ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ. ನಾಲಾಕ್ಸೋನ್ ಸ್ಪ್ರೇ ಅಥವಾ ಇಂಜೆಕ್ಷನ್ ಸಿಗುವುದಾದರೆ ಮನೆಯಲ್ಲಿಟ್ಟುಕೊಳ್ಳಿ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ತೀರಾ ನಿಧಾನ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ ಆಂಬುಲೆನ್ಸ್ ಕರೆದು ನಾಲಾಕ್ಸೋನ್ ಕೊಡಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಿ. 2–3 ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಇನ್ನೊಂದು ಡೋಸ್, ಸುಧಾರಿಸಿದರೆ ಮಗ್ಗುಲಿಗೆ ಮಲಗಿಸಿ. ಎದ್ದು ಕೂತರೂ ಆಸ್ಪತ್ರೆ ತಪ್ಪಿಸಬೇಡಿ, ನಾಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಹೆರಾಯಿನ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು.

ನಿಮ್ಮ ಮನೆಗೇ ವಿಶೇಷವಾದ ಒಂದು ಅಪಾಯವಿದೆ. ನಾಲ್ಟ್ರೆಕ್ಸೋನ್ ಅಫೀಮಿನ ಪರಿಣಾಮವನ್ನು ತಡೆಯುವುದರಿಂದ, ಯಜಮಾನರ ಆ ಮಾತ್ರೆಯನ್ನು ಮೈದುನ ತಪ್ಪಿ ನುಂಗಿದರೆ ಒಂದೆರಡು ದಿನ ಬಿಡದ ಘೋರ ವಿತ್‌ಡ್ರಾವಲ್. ಯಜಮಾನರ ಡಯಾಜೆಪಾಮ್ ಜಾತಿಯ ಮಾತ್ರೆಯನ್ನು ಅವನು ಬ್ಯೂಪ್ರೆನಾರ್ಫಿನ್ ಜೊತೆ ನುಂಗಿದರೆ ಉಸಿರಾಟಕ್ಕೆ ತೊಂದರೆ, ಮದ್ಯ ಸೇರಿದರೂ ಅಷ್ಟೇ. ಮಗುವೊಂದು ಬ್ಯೂಪ್ರೆನಾರ್ಫಿನ್ ಬಾಯಿಗಿಟ್ಟುಕೊಂಡರೆ ಒಂದೇ ಮಾತ್ರೆಯಿಂದಲೂ ಪ್ರಾಣ ಹೋಗಬಹುದು. ಎರಡು ಬೀಗದ ಡಬ್ಬಿ ಇಡಿ, ಬೀಗದ ಕೈ ನಿಮ್ಮ ಬಳಿ ಇರಲಿ. ಇಬ್ಬರಿಗೂ ಒಬ್ಬರೇ ಮನೋವೈದ್ಯರು ಚಿಕಿತ್ಸೆ ಕೊಡಬಹುದು, ಒಬ್ಬರ ಔಷಧ ಇನ್ನೊಬ್ಬರಿಗೆ ಏನು ಮಾಡುತ್ತದೆಂದು ತಿಳಿದಿರುವುದರಿಂದ ಅನುಕೂಲವೇ.

ಬೇರೆ ವಸ್ತುಗಳ ಬಗ್ಗೆ ಚುಟುಕಾಗಿ: ಗಾಂಜಾ, ಕೊಕೇನ್, ಮೆಥಾಂಫೆಟಮೈನ್‌ಗಳಿಗೆ ನೆಚ್ಚಬಹುದಾದ ನಿರ್ದಿಷ್ಟ ಔಷಧವಿಲ್ಲ, ಸಮಾಲೋಚನೆಯೇ ಆಧಾರ. ಕೊಕೇನ್, ಮೆಥಾಂಫೆಟಮೈನ್‌ಗೆ ವಾರಕ್ಕೆರಡು ಸಲ ಮೂತ್ರ ಪರೀಕ್ಷೆ ಮಾಡಿ, ಶುದ್ಧ ಬಂದಾಗಲೆಲ್ಲ ಸಣ್ಣ ಬಹುಮಾನ ಕೊಡುವ ವಿಧಾನ ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟಿದೆ. ನಿದ್ದೆ ಮಾತ್ರೆಯ ಚಟಕ್ಕೆ ಹಠಾತ್ ನಿಲುಗಡೆ ಬೇಡ, ಅದರಲ್ಲೂ ಫಿಟ್ಸ್ ಬರುತ್ತದೆ. ಎರಡು ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತಾ ತಿಂಗಳುಗಳಲ್ಲಿ ಬಿಡಿಸಬೇಕು.

ಮತ್ತೆ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ಕೇಳಿ: ರಾತ್ರಿ ಫಿಟ್ಸ್ ಬಂದರೆ ನೋಡಲು ವೈದ್ಯರು ಯಾರಿದ್ದಾರೆ? ಯಾವ ಔಷಧ ಕೊಡುತ್ತೀರಿ? ಬಿಡುಗಡೆಯ ದಿನವೇ ಮುಂದಿನ ಭೇಟಿಯ ತಾರೀಖು ಕೊಡುತ್ತೀರಾ? ಔಷಧವೇ ಬೇಡ, ನೂರಕ್ಕೆ ನೂರು ಗ್ಯಾರಂಟಿ, ಮೊದಲ ತಿಂಗಳು ಮನೆಯವರು ನೋಡುವಂತಿಲ್ಲ ಎನ್ನುವ ಜಾಗಕ್ಕೆ, ಹೊಡೆದು ಕಟ್ಟಿಹಾಕಿ ಬಿಡಿಸುತ್ತಾರೆಂದು ಹೆಸರಾದ ಜಾಗಕ್ಕೆ ಕಾಲಿಡಬೇಡಿ.

ಇಬ್ಬರಲ್ಲಿ ಒಬ್ಬರಾದರೂ ನಡುವೆ ಒಮ್ಮೆ ಜಾರುವ ಸಾಧ್ಯತೆ ಇದ್ದೇ ಇದೆ. ಆಗ ಏನು ಮಾಡಬೇಕೆಂದು ವೈದ್ಯರ ಬಳಿ ಈಗಲೇ ಬರೆಸಿಟ್ಟುಕೊಳ್ಳಿ. ಯಜಮಾನರು ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಮೇಲಿದ್ದು ಕುಡಿದರೆ ಮಾತ್ರೆ ಮುಂದುವರಿಯಲಿ. ಡೈಸಲ್ಫಿರಾಮ್ ಮೇಲಿದ್ದು ಕುಡಿದರೆ ನೇರ ಆಸ್ಪತ್ರೆಗೆ. ಒಂದೆರಡು ದಿನದ ಜಾರಿಕೆಯಾದರೆ ಆ ವಾರವೇ ವೈದ್ಯರ ಭೇಟಿ. ವಾರಗಟ್ಟಲೆ ದಿನಾ ಕುಡಿದು ಬೆಳಗಿನ ನಡುಕ ಮರಳಿದ್ದರೆ ಮನೆಯಲ್ಲಿ ನಿಲ್ಲಿಸದೆ ಮತ್ತೆ ಆಸ್ಪತ್ರೆಯ ಡೀಟಾಕ್ಸ್. ಮೈದುನ ಒಮ್ಮೆ ಹೆರಾಯಿನ್ ತೆಗೆದುಕೊಂಡನೆಂದು ಶಿಕ್ಷೆಯಾಗಿ ಬ್ಯೂಪ್ರೆನಾರ್ಫಿನ್ ನಿಲ್ಲಿಸಬೇಡಿ, ಹೆಚ್ಚಾಗಿ ಡೋಸ್ ಸಾಲುತ್ತಿಲ್ಲ ಎಂದೇ ಅರ್ಥ. ಆದರೆ ಅವನು ಹಲವು ದಿನ ಮಾತ್ರೆ ಬಿಟ್ಟು ಹೆರಾಯಿನ್‌ನಲ್ಲೇ ಇದ್ದಿದ್ದರೆ, ಮರಳಿ ಶುರು ಮಾಡುವಾಗ ಮತ್ತೆ ಆ 12 ಗಂಟೆ ಕಾಯಬೇಕು.